ಸೋರಿಕೆ

ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಸ್ನಾನದ ಮನೆಯನ್ನು
ನಾನೇ ಬಾಡಿಗೆಗೆ ಹಿಡಿದೆ. ಬಿಟೊಮ್ ಊರಿನ ಅಂಚು,
ರೈಲು ನಿಲ್ಲುವುದನ್ನು ಮರೆತ ನಿಲ್ದಾಣದ ಹಿಂದೆ.
ಸೂರಿನಿಂದ ಇನ್ನೂ ಇಳಿಬಿದ್ದಿವೆ ಸರಪಳಿಗಳು,
ತುದಿಗೊಂದು ಕೊಕ್ಕೆ, ಕೊಕ್ಕೆಗೊಂದು ನಂಬರು.
ಪಾಳಿ ಶುರುವಾದರೆ ಬಟ್ಟೆ ಮೇಲಕ್ಕೆ, ಮೈ ಕೆಳಕ್ಕೆ.
ನನ್ನಪ್ಪನದು ಇನ್ನೂರ ಹನ್ನೆರಡು.

ಈಗ ಅಲ್ಲಿ ಮೈಕುಗಳು.
ಬೇಸ್ ಗಿಟಾರಿನ ತೀರ ಕೆಳಗಿನ ತಂತಿ ಮಿಡಿದರೆ
ಅಷ್ಟೂ ಸರಪಳಿ ಒಟ್ಟಿಗೆ ಹಲ್ಲು ಕಡಿಯುತ್ತವೆ.
ರೆಕಾರ್ಡಿಗೆ ಮುಂಚೆ ಒಂದೊಂದಕ್ಕೂ ಹಳೇ ಕಂಬಳಿ ಸುತ್ತಬೇಕು.
ಮಕ್ಕಳನ್ನು ಮಲಗಿಸುವುದು, ಅನ್ನುತ್ತಾನೆ ಹುಬರ್ಟ್.

ಹನ್ನೊಂದು ವರ್ಷದ ಮೇಲೆ ಬಂದರು,
ಗಿಟಾರಿಗೆ ಹುಬರ್ಟ್, ಬೇಸಿಗೆ ಎರಿಕ್,
ಡ್ರಮ್ಮಿಗೆ ಮಣಿಕಟ್ಟು ಎರಡು ಸಲ ಕೊಯ್ಸಿಕೊಂಡ ಅಲೋಯ್ಜಿ.
ಹಾಡಲು ಯಾಗ್ನಾ, ಇಪ್ಪತ್ತಾರು.
"ಅಣ್ಣನ ಕೋಣೆಯಿಂದ ನಿಮ್ಮ ಹಾಡು ಕೇಳಿಸುತ್ತಿತ್ತು,
ಪರೀಕ್ಷೆಗೆ ಓದಲಾಗುತ್ತಿರಲಿಲ್ಲ" ಎಂದಳು ಮೊದಲ ದಿನವೇ.
ಯಾರೂ ನಗಲಿಲ್ಲ. ನನಗೆ ಹಿಡಿಸಿದಳು.

ಲೆಶೆಕ್‌ನ ಜಾಗ ಎಂದು ಯಾರೂ ಬಾಯಿಬಿಡಲಿಲ್ಲ.
ಆದರೆ ಗಾಜಿನ ಆಚೆ, ಕಾರ್ಪೆಟ್ಟಿನ ಮೇಲೆ,
ಅವನ ಬೂಟು ಸವೆಸಿದ ಎರಡು ಗುರುತು.
ಅವಳು ಒಂದು ಗೇಣು ಎಡಕ್ಕೆ ನಿಂತಳು.
ಮೈಕನ್ನೂ ಒಂದು ಗೇಣು ಸರಿಸಿದೆ.

ಆರು ಹಾಡು ಮುಗಿದವು. ಉಳಿದದ್ದು
ಹತ್ತೊಂಬತ್ತು ನಿಮಿಷದ್ದು, ಅಂದು ಜಗಳದಲ್ಲಿ ನಿಂತುಹೋದದ್ದು.
ನಡುವೆ ಲಯ ಏಳಕ್ಕೆ ಹೊರಳುತ್ತದೆ,
ಗಿಟಾರು ಮಾತ್ರ ಐದರಲ್ಲೇ ಅಡ್ಡ ನಡೆದು
ಮೂವತ್ತೈದು ಕಳೆದ ಮೇಲೆ ಇಬ್ಬರೂ ಎದುರಾಗಬೇಕು.
ಅಲೋಯ್ಜಿ ಎಣಿಸಿದ, ಐದು, ಆರು, ಏಳು.
ಮತ್ತೆ, ಐದು, ಆರು, ಏಳು.
ಏಳು, ಎಂದ ತನ್ನ ಕೈಗೇ.
ಅದು ಏಳಲಿಲ್ಲ.
ಕೋಲು ಜಾರಿ ಸರಪಳಿಗೆ ತಗುಲಿ ಠಣ್ಣೆಂದಿತು.
"ಇವತ್ತಿನ ಸರಿಯಾದ ಪೆಟ್ಟು ಅದೊಂದೇ" ಎಂದು ಅವನೇ ನಕ್ಕು
ಸಿಗರೇಟಿಗೆ ಹೋದವನು ಮುಕ್ಕಾಲು ಗಂಟೆ ಮಾಡಿದ.

ಅಷ್ಟರಲ್ಲಿ ಕಪಾಟಿನಿಂದ ಹಳೆಯ ಡಿಸ್ಕು ತೆಗೆದೆ.
ಅವನದೇ ಡ್ರಮ್ಮು, ಅವನದೇ ಮೂವತ್ತೆಂಟರ ಕೈ.
ಯಾಗ್ನಾಳ ದನಿಯ ಕೆಳಗೆ ಬಿಟ್ಟೆ,
ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.
ಆಮೇಲೆ ಕೇಳಿಸಿತು.
ಸಿಂಬಲ್ಲಿನ ಮೇಲೆ ತೂಗಿದ್ದ ಮೈಕಿನೊಳಕ್ಕೆ,
ಅಂದು ಬಾಗಿಲು ಸರಿಯಾಗಿ ಹಾಕದ ಕೋಣೆಯಿಂದ,
ಲೆಶೆಕ್ ಸೋರಿದ್ದ.
ಪದವಿಲ್ಲ, ಬರಿಯ ಏರು,
ಪಕ್ಕದ ಮನೆಯಲ್ಲಿ ಯಾರೋ ಕುರ್ಚಿ ಎಳೆದಷ್ಟು.

ಮೂರು ರಾತ್ರಿ ಒರೆಸಿದೆ.
ಅವನನ್ನು ತೆಗೆದರೆ ಸಿಂಬಲ್ಲು ತಗಡಾಗುತ್ತದೆ.
ಸಾರಿನಿಂದ ಉಪ್ಪು ಹೆಕ್ಕುವ ಕೆಲಸ.

ನಾಲ್ಕನೆಯ ದಿನ ಅವಳಿಗೇ ಕೇಳಿಸಿದೆ.
ಕಣ್ಣು ಮುಚ್ಚಿ ಎರಡು ಸಲ ಕೇಳಿದಳು.
"ಇಲ್ಲಿ ಅವನು ಕೂದಲೆಳೆಯಷ್ಟು ಶ್ರುತಿ ಇಳಿಯುತ್ತಾನೆ, ಅಲ್ಲವಾ?"
ಹೌದು ಎಂದೆ.
"ಹಾಗಾದರೆ ನಾನು ಇನ್ನೊಮ್ಮೆ ಹಾಡಬೇಕು."
ಎತ್ತರಿಸಿ ಹಾಡಿ ಅವನನ್ನು ಮುಚ್ಚುತ್ತಾಳೆ ಎಂದುಕೊಂಡೆ,
ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.
ಆ ತಿರುವು ಬಂದಾಗ, ಉಸಿರೆಳೆದುಕೊಳ್ಳುವ ನೆಪದಲ್ಲಿ
ಅವಳು ಒಂದು ಇಡೀ ಏಳನ್ನು ಖಾಲಿ ಬಿಟ್ಟಳು.

ಒಪ್ಪಿಗೆ ಬೇಕಲ್ಲ. ಲೆಶೆಕ್ ಈಗ ಸಮುದ್ರದ ಕಡೆ, ಗ್ದಿನಿಯಾದಲ್ಲಿ
ಟ್ರಾಲಿಬಸ್ಸು ಓಡಿಸುತ್ತಾನೆ. ಯಾರ ಫೋನೂ ಎತ್ತುವುದಿಲ್ಲ.
ಹಾಡು ಕಳಿಸಿ, ಕೆಳಗೆ ಎರಡು ಸಾಲು ಬರೆದೆ.
ಒಂಬತ್ತು ದಿನ ಏನೂ ಇಲ್ಲ.
ಹತ್ತನೆಯ ದಿನ ಬೆಳಗಿನ ಜಾವ, ನಾಲ್ಕೂ ಹತ್ತಕ್ಕೆ,
ಮೊದಲ ಪಾಳಿಗೆ ಹೊರಡುವ ಹೊತ್ತಿರಬೇಕು, ಒಂದು ಸಂದೇಶ:
"ಅಂದು ನನಗೆ ನೆಗಡಿಯಾಗಿತ್ತು.
ಬಾಗಿಲು ಹಾಕು ಅಂತ ಅಲೋಯ್ಜಿಗೆ ಹೇಳಿದ್ದೆ."

ಅದನ್ನೇ ಒಪ್ಪಿಗೆಯೆಂದು ಅಚ್ಚು ತೆಗೆದು
ಫೈಲಿಗೆ ಸೇರಿಸಿದ್ದೇನೆ, ಬಾಡಿಗೆಯ ರಸೀದಿಗಳ ಜೊತೆ.