ಇಪ್ಪತ್ತೆರಡು ಉಂಡಿ

ಪಂಚಮಿ ಇನ್ನೂ ದೂರ ಐತಿ.
ಶೇಂಗಾ ಹುರಿಯೋ ವಾಸನಿಗೆ
ಬಾಜೂಮನಿ ಬಸಲಿಂಗವ್ವ ಕಟ್ಟಿಗೆ ಬಂದು ಕೇಳತಾಳ:
“ಏನವಾ, ನಿಮ್ಮನ್ಯಾಗ ನಾಗಪ್ಪ ಲಗೂನ ಬಂದನೇನು?”
“ಇಲ್ರೀ, ಇವತ್ತು ಪೈ ಹಬ್ಬ.”
“ಪೈಸಾದ್ದಾ?”
“ಅಲ್ರೀ, ಗಾಲೀದು.”

ತಿಳದಾಕಿಯಂಗ ಗೋಣು ಹಾಕಿ ಹ್ವಾದಳು.
ಕರದು ಎರಡು ಉಂಡಿ ಕೊಡೋಣಂದ್ರ
ಲೆಕ್ಕ ತಪ್ಪತೈತಿ.

ಹಬ್ಬಾ ಮನಿಗೆ ತಂದಾಕಿ ಹಿರೇ ಮಗಳು ವಿನುತಾ.
“ಹೊರದೇಶದಾಗ ಮಾರ್ಚ್ ಹದಿನಾಕಕ್ಕ ಮಾಡತಾರ,
ಅಲ್ಲಿ ತಿಂಗಳು ಮದಲ ಬರೀತಾರ, ತಾರೀಖು ಆಮ್ಯಾಲೆ.”
“ಮನೆತನ ಮದಲ, ಕೂಸಿನ ಹೆಸರು ಆಮ್ಯಾಲೆ ಅಂದಂಗ,”
ಅಂದ್ರು ಮಾವ, ಎಲಿ ಮಡಚಿಗೋತ.
ನಮಗ ಬ್ಯಾಡ ಅದು.
ನಮ್ದು ಇಪ್ಪತ್ತೆರಡರ ಕೆಳಗ ಏಳು,
ಜುಲೈ ಇಪ್ಪತ್ತೆರಡು,
ಬೆಟಗೇರಿ ಗಾಳಿ ಹಂಚು ಎಬ್ಬಸೋ ಆಷಾಢ.

ಮುಂಜಾನಿಂದ ಕಾಳೇಶನ ಕೈಯಾಗ ಒಂದು ನೂಲಿನ ಉಂಡಿ.
ಹಂಚು ಅಳದ. ಪರಾತ ಅಳದ. ನನ್ನ ಬಳಿ ಬಿಚ್ಚಿಸಿ ಅಳದ.
ನಿದ್ದಿ ಹತ್ತಿದ ಕಾಕಾನ ಹೊಟ್ಟಿ ಅಳ್ಯಾಕ ಹೋಗಿ
ಒಂದು ಏಟು ತಿಂದ.
ಅಡ್ಡಗಲದ ದಾರ ಕತ್ತರಿಸಿ ಅಂಚಿಗುಂಟ ಹಚ್ಚಿದ್ರ
ಮೂರು ಸಲ ಹೋಗತೈತಿ, ಮೂಡಲಿಲ್ಲ,
ಚೂರು ಸಂದಿ ಉಳೀತೈತಿ ಪ್ರತಿ ಸಲ:
ಉಂಡಿಗೆ ಒಂದು ಕಡ್ಲಿಕಾಳಿನಷ್ಟು,
ರೊಟ್ಟಿಗೆ ಎರಡು ಬೆರಳು.

“ಐದು ಫೂಟಿನ ಗಾಲಿಗೆ ಒಂದು ಗೇಣು,”
ಅಂದ್ರು ಮಾವ, ನೋಡದನ.

ಎಲ್ಲಾರೂ ತಿರುಗಿ ನೋಡಿದ್ವಿ.
ನಾಕನೇತ್ತೆಗೆ ಸಾಲಿ ಬಿಟ್ಟ ಮನಶಾ.
“ಆ ಸಂದಿ ಎಂದೂ ಮುಗೀದಿಲ್ಲ ತಾತಾ,” ವಿನುತಾ ಅಂದಳು,
“ಬರದಷ್ಟೂ ಬರತೈತಿ, ಅಂಕಿ ಮ್ಯಾಲ ಅಂಕಿ.”
“ನಿಮ್ಮ ಪುಸ್ತಕದಾಗ ಮುಗೀಲಿಕ್ಕಿಲ್ಲ.
ನಾವು ಕೆಂಡದಾಗ ಮುಗಸ್ತಿದ್ವಿ.
ಹಳಿ ಒಂದು ಬೆರಳು ಸಣ್ಣದ ಮಾಡಬೇಕು,
ಕುಳ್ಳಿನ ಬೆಂಕ್ಯಾಗ ಕಾಸಬೇಕು,
ಕೆಂಪಗಾಗಿ ಅದು ತಾನಾಗಿ ದೊಡ್ಡದಾಗತೈತಿ,
ಗಾಲಿಗೆ ತೊಡಿಸಿ ನೀರು ಹೊಯ್ದ್ರ ‘ಚೊಂಯ್’!
ಆ ಸಪ್ಪಳದಾಗ ನಿನ್ನ ಅಂಕಿ ಎಲ್ಲಾ ಮುಚ್ಚಿಗೋತಾವ.”

ಮಗಳು ಪೆನ್ಸಿಲ್ ಕಚ್ಚಿಗೊಂಡು ಕುಂತಳು.
ನಮ್ಮವರು ನಕ್ಕು, ಹೊಸ ಬಾಗಿಲಿಗೆ ಉಜ್ಜುಗೊರಡು ಹಾಕಾಕ ಎದ್ದ್ರು;
ಬಾಗಿಲು ಚೌಕ, ಅಲ್ಲಿ ಇಂಥಾ ಜಗಳಿಲ್ಲ.

ಸಂಜಿಕ ಪರಾತದಾಗ ಇಪ್ಪತ್ತೆರಡು ಉಂಡಿ.
ಏಳು ಮಂದಿ. ತಲಿಗೆ ಮೂರು.
ಮಾವಗ ಸಕ್ಕರಿ ಬ್ಯಾನಿ, ಅವರ ಮೂರು
ಗುಟ್ಟಿಲೆ ಕಾಳೇಶನ ಕಿಸೆ ಸೇರಿದ್ದು
ಲೆಕ್ಕಕ್ಕ ಬರೂದಿಲ್ಲ.

ಉಳದದ್ದು ಒಂದು.

ಹಬ್ಬ ಶುರುವಾಗೋದ ಅಲ್ಲಿಂದ.
ಹೋದ ವರ್ಷ ಚೀಟಿ ಎತ್ತಿದ್ವಿ,
ಅದರ ಹಿಂದಿನ ವರ್ಷ ಓಡಿಸಿದ್ವಿ, ನಾನ ಗೆದ್ದಿದ್ದೆ.
ಈ ಸಲ ವಿನುತಾ ಈಳಿಗಿ ತಂದಳು: ಏಳು ತುಂಡು.
ಶೇಂಗಾ ಉಂಡಿ ಹಂಗೆಲ್ಲ ಮಾತು ಕೇಳೂದಿಲ್ಲ,
ಬೆಲ್ಲದ ಪಾಕ ಹೆಚ್ಚಾಗಿತ್ತು, ಅದು ನಂದ ತಪ್ಪು.
ಒಂದು ತುಂಡು ಕಾಕಾನ ಅಂಗೀ ಮ್ಯಾಲ,
ಒಂದು ಹೊಚ್ಚಲ ಹೊರಗ,
ನಾಕು ಪುಡಿ, ಒಂದು ಈಳಿಗಿಗೇ ಹತ್ತಿಗೊಂಡಿತ್ತು.
“ನೋಡು, ಮುಗೀಲಿಲ್ಲ,” ಅಂದಳು, ಬೆರಳು ಚೀಪಿಗೋತ.

ಅಷ್ಟೊತ್ತನ ಸುಮ್ನಿದ್ದ ಅತ್ತಿ ಕೇಳಿದ್ರು:
“ಅಲ್ಲಬೇ, ಇಪ್ಪತ್ತೆರಡು, ಏಳು ಅಂದ್ರ ಖರೇ ಲೆಕ್ಕ ಹೌದಲ್ಲೋ?”
“ಪೂರಾ ಅಲ್ಲಮ್ಮಾ. ಖರೇದು ಇದಕ್ಕಿಂತ ಚೂರು ಕಮ್ಮಿ.”
“ಎಷ್ಟು?”
ಮಗಳು ನೆಲದ ಮ್ಯಾಲಿನ ಪುಡಿಯಾಗಿಂದ
ಉಗುರಿನ ತುದೀಲೆ ಒಂದು ಕಣ ಎತ್ತಿ ತೋರಿಸಿದಳು.

ಅದನ್ನ ಅತ್ತಿ ಇಸಗೊಂಡು
ಗ್ವಾಡಿ ಬುಡಕ ಇಟ್ಟ್ರು.
ಒಂದು ಇರಿವಿ ಬಂತು, ಮೂಸಿತು,
ತನಗಿಂತ ದೊಡ್ಡದನ್ನ ತಲಿ ಮ್ಯಾಲ ಹೊತ್ತು
ಒಮ್ಮೆ ದುಂಡಗ ಸುತ್ತಿ
ದಾರಿ ಹಿಡೀತು.