ಇಪ್ಪತ್ತು ನಿಮಿಷ

ಫೋಟೋದಲ್ಲಿ ಎತ್ತಿನ ಅರ್ಧ ಮುಖ,
ಇನ್ನರ್ಧ ಜವರಪ್ಪನ ಹೆಬ್ಬೆರಳು.
ನೊಗ ಉಜ್ಜಿ ಹೆಗಲು ಬಾತಿದೆಯಂತೆ.
ಕೆರಗೋಡಿನಲ್ಲಿ ಕೊಟ್ಟಿಗೆ, ನಾನಿಲ್ಲಿ
ಒಂಟಿಕೊಪ್ಪಲಿನ ಮಹಡಿಯ ಮೇಲೆ.
ನಡುವೆ ಹೊಳೆ, ಸೇತುವೆ, ಟೋಲ್ ಗೇಟು.

ತೊಡೆಯ ಮೇಲಿನ ದಿಂಬನ್ನೇ ಎತ್ತು ಅಂದುಕೊಳ್ಳಬೇಕು.
ರೇಖಿ ಗುರುಗಳು ಹಾಗೆ ಕಲಿಸಿದ್ದು, ಎರಡು ಭಾನುವಾರಗಳಲ್ಲಿ.
ಬೆಳಿಗ್ಗೆ ಇದೇ ದಿಂಬು
ವಿಜಯನಗರದ ಸುಗಂಧಮ್ಮನವರ ಮಂಡಿಯಾಗಿತ್ತು,
ಮಧ್ಯಾಹ್ನ ಅವರ ಬೆಕ್ಕು.

"ನೀವೂ ಅದರ ಪಕ್ಕ ಕೂತ್ಕೊಳ್ಳಿ" ಎಂದೆ ಫೋನಿನಲ್ಲಿ,
"ಸುಮ್ಮನೆ, ಮುಟ್ಟಿಕೊಂಡು."
"ಎಷ್ಟೊತ್ತವ್ವ?"
"ಇಪ್ಪತ್ತು ನಿಮಿಷ."
"ಅಷ್ಟೊತ್ತು ಸುಮ್ಕೆ ಕುಂತಿದ್ದುದ್ದು ಯಾವತ್ತು ನಾನು!"

ಕೈ ಚಾಚಿ ಕಣ್ಣು ಮುಚ್ಚಿದೆ.
ನಿಜ ಹೇಳಲೇ, ಬಂದದ್ದು ಬೆಳಕಲ್ಲ,
ಕುಕ್ಕರಿನ ಮೂರನೇ ಕೂಗು,
ಕೆಳಗಿನ ಮನೆಯ ಒಗ್ಗರಣೆಯ ಘಾಟು,
ಆಮೇಲೆ ಎಲ್ಲಿಂದಲೋ ಹಸಿ ಸೋಗೆಯ ವಾಸನೆ.
ತಾನಾಗಿ ಬಂತೋ, ನಾನೇ ಕರೆದೆನೋ.
ಅಂಗೈ ಬೆಚ್ಚಗಾಯಿತು.
ಹತ್ತಿಯ ದಿಂಬು, ಆಗದೇ ಇರುತ್ತದೆಯೇ.

ಇಪ್ಪತ್ತು ಅಂದದ್ದು ಮುಕ್ಕಾಲು ಗಂಟೆಯಾದ ಮೇಲೆ ಫೋನು.
"ಊತ ಹಂಗೇ ಅದೆ ಕನವ್ವ. ನಾಳೀಕೆ ಡಾಕ್ಟ್ರು ಬತ್ತರೆ."
ಒಸಿ ತಡೆದು,
"ಎಡಗಿವಿ ಹಿಂದೆ ಒಂದು ಸುಳಿ ಅದೆ ಇದುಕ್ಕೆ.
ಕೊಳ್ಳೋವಾಗ ಎಲ್ಲ ಸುಳೀನೂ ಎಣಿಸಿದ್ದೆ,
ಇದೊಂದು ತಪ್ಪೋಗಿತ್ತು.
ಒಂಬತ್ತು ವರ್ಸ ಆಯ್ತು, ಇವತ್ತು ಕಂಡೆ."

ಎಷ್ಟು ಕೊಡಬೇಕು ಅಂತ ಕೇಳುತ್ತಿದ್ದ.
ನಾನು ದಿಂಬನ್ನು ತಿರುಗಿಸಿ ನೋಡುತ್ತಿದ್ದೆ.
ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು,
ಎಂದಿನಿಂದಲೋ.