ನಡುವಿನ ಗಾಳಿ

ಕೋಡಿಬಾಗದ ಲ್ಯಾಬಿನಲ್ಲಿ ಆರನೆಯ ದಿನವೂ
ಪರದೆ ಕಪ್ಪು.
ಕಪ್ಪೆಂದರೆ ಪೂರಾ ಕಪ್ಪಲ್ಲ,
ಇದ್ದಿಲ ಪುಡಿಯ ಮೇಲೆ ಉಪ್ಪು ಉದುರಿದ ಹಾಗೆ
ಬರೀ ಚುಕ್ಕಿ, ಅರ್ಥವಿಲ್ಲದ ಚುಕ್ಕಿ.

ಸೆಕೆಂಡಿಗೆ ಸಾವಿರ ಚಿತ್ರ ಬೇಕಿತ್ತು ನಮಗೆ.
ಬಳಚಿನ ಕಿವಿರಿನ ಚೂರಿನಲ್ಲಿ
ಬಣ್ಣ ಕುಡಿದು ಕೂತ ಒಂದೊಂದು ಕೋಶದೊಳಗೆ
ಕ್ಯಾಲ್ಸಿಯಂ ಏರಿ, ಮಿನುಗಿ, ಇಳಿಯುವುದು
ನಾವು ರೆಪ್ಪೆ ಎತ್ತುವ ಮೊದಲೇ ಮುಗಿದುಹೋಗುತ್ತದೆ.
ಇರುವಷ್ಟು ಬೆಳಕನ್ನು ಸಾವಿರಕ್ಕೆ ಹಂಚಿದರೆ
ಒಬ್ಬೊಬ್ಬರ ಎಲೆಗೆ ಎಷ್ಟು ಬಿದ್ದೀತು?
ಕೊನೆಯ ಪಂಕ್ತಿಯ ಪಾಯಸ.

ದೀಪ ಏರಿಸಿದೆವು. ಕೋಶಗಳು ಸತ್ತವು.
ಮತ್ತೆ ಏರಿಸಿದೆವು. ಬೇಗ ಸತ್ತವು.
ಕನ್ನಡಕ ಹಣೆಗೇರಿಸಿ ತಾಂಡೇಲ ಸರ್ ಅಂದರು:
ಬೆಳಕಿಗೆ ಬರವಿಲ್ಲ ಮಾರಾಯ್ತಿ, ಸೋರ್ತಾ ಇದೆ.

ಸೋರುವುದು ಎಲ್ಲಿ?
ಗಾಜಿನ ತಟ್ಟೆಗೂ ಮಸೂರಕ್ಕೂ ನಡುವೆ
ಅಕ್ಕಿಕಾಳಿನ ದಪ್ಪವೂ ಇಲ್ಲದ ಗಾಳಿ.
ಗಾಜು ದಾಟಿದ ಕಿರಣ ಅದನ್ನು ಕಂಡದ್ದೇ
ಸೊಟ್ಟಗಾಗಿ, ಮಸೂರದ ಬಾಯಿ ತಪ್ಪಿಸಿಕೊಂಡು
ಎಲ್ಲೋ ಕತ್ತಲಿಗೆ ಬೀಳುತ್ತದೆ.
ಕೆಲವಂತೂ ಹೊಸಿಲವರೆಗೆ ಬಂದು
ದಾಟದೆ ವಾಪಸು.
ಏನೂ ಇಲ್ಲ ಅಂದುಕೊಂಡ ಜಾಗ ಅದು.
ಆರು ದಿನ ನಾನು ಒರೆಸಿದ್ದು ಗಾಜನ್ನು.

ಮೊದಲು ಎಣ್ಣೆ ಹಾಕಿದೆವು.
ಗಾಜಿಗೆ ಅಂಟಿಕೊಂಡ ಕೋಶಗಳು
ಗೀರಿದ ಹಾಗೆ ನಿಚ್ಚಳ.
ನಾಲ್ಕು ಪದರ ಒಳಗಿಳಿದರೆ ಒಂದೊಂದಕ್ಕೂ ಹೊಗೆಯ ಬಾಲ.
ಬಳಚು ಬದುಕುವುದು ನೀರಿನಲ್ಲಿ,
ಅದರೊಳಗೂ ನೀರೇ;
ಅಷ್ಟು ಆಳಕ್ಕೆ ಹೋಗಲು ಎಣ್ಣೆಗೆ ದಾರಿ ಗೊತ್ತಿಲ್ಲ.

ಏಳನೆಯ ದಿನ ನೀರಿನ ಮಸೂರ ತಿರುಗಿಸಿ
ಅದರ ನೆತ್ತಿಗೆ ಒಂದು ಹನಿ ಇಟ್ಟೆ.
ಗುಬ್ಬಿ ತಿರುವಿದಂತೆ ಮಸೂರ ಕೆಳಗಿನಿಂದ ಏರಿತು,
ಹನಿ ನಡುಗಿತು,
ಗಾಜು ತಾಗಿದ್ದೇ ತಡ ಹನಿತನ ಬಿಟ್ಟು
ಅಗಲವಾಯಿತು.

ಬೈತ್‌ಖೋಲದ ಗುಡ್ಡದಲ್ಲಿ ಕರೆಂಟು ಹೋಗಿ ಬಂದಾಗ
ಬುಡದ ಮನೆಯಿಂದ ತುದಿಯ ಮನೆಗೆ
ಒಂದಾದ ಮೇಲೊಂದು ಕಿಟಕಿ ಹೊತ್ತಿಕೊಳ್ಳುತ್ತವಲ್ಲ,
ಹಾಗೆ, ಸಾಲಿನುದ್ದಕ್ಕೂ, ಕೋಶದಿಂದ ಕೋಶಕ್ಕೆ.
ಯಾರೂ ಮಾತಾಡಲಿಲ್ಲ.
ತಾಂಡೇಲ ಸರ್ ಮಾತ್ರ, ಏಸಿ ತುಸು ಕಮ್ಮಿ ಮಾಡಿ, ಹನಿ ಒಣಗ್ತದೆ.

ಹನ್ನೆರಡು ನಿಮಿಷಕ್ಕೊಮ್ಮೆ ಒಣಗುತ್ತಿತ್ತು.
ಸಂಬಳದ ಚೀಟಿಯಲ್ಲಿ ನಾನು ತಾಂತ್ರಿಕ ಸಹಾಯಕಿ,
ಅವತ್ತು ಹನಿ ಕಾಯುವವಳು.
ಒಮ್ಮೆ ಸಾಸಿವೆಗಿಂತ ಸಣ್ಣ ಗುಳ್ಳೆ ನುಗ್ಗಿ
ಅರ್ಧ ಚಿತ್ರಕ್ಕೆ ಗ್ರಹಣ.
ಮತ್ತೆ ಒರೆಸು, ಮತ್ತೆ ಇಡು.

ಸುಂಕೇರಿಯ ಮಾಣ್ಕಿ ಬಳಚಿನ ದುಡ್ಡಿಗೆ ಬಂದವಳು
ಒದ್ದೆ ಸೀರೆಯಲ್ಲೇ ಬಾಗಿಲಲ್ಲಿ ನಿಂತು ನೋಡಿದಳು.
ಒಂದು ಸೆಕೆಂಡಿನದನ್ನು ನಲವತ್ತು ಸೆಕೆಂಡಿಗೆ ಎಳೆದು
ಓಡಿಸುತ್ತಿದ್ದೆವು.
ಇದು ಈಗ ಜೀವ ಇದ್ದದ್ದಾ?
ಇಲ್ಲ, ಮಧ್ಯಾಹ್ನವೇ ಹೋಯಿತು.
ಹಾಂ, ಅಂದಳು, ಮೀನುಪೇಟೆಯಲ್ಲಿ ಐಸು ಕೇಳಿದವಳ ಹಾಗೆ.

ನಾನು ಹುರುಪಿನಿಂದ ಹೇಳತೊಡಗಿದೆ:
ನಿಮಗೂ ಹೀಗೇ ಅಲ್ಲವಾ,
ಮೇಲಿಂದ ನೋಡಿದರೆ ಹೊಳೆ ಬರೀ ಹೊಳಪು,
ಮುಖ ಮುಳುಗಿಸಿದರೆ ಮಾತ್ರ ತಳ...
ಅವಳು ನಕ್ಕುಬಿಟ್ಟಳು.
ಬಳಚು ನೋಡೂದು ಎಂತಕ್ಕೆ?
ಕೆಸರಲ್ಲಿ ಎಂತ ಕಾಣ್ತದೆ?
ಕಾಲಿಗೆ ತಾಗ್ತದೆ.

ಬಕೆಟ್ಟಿನಲ್ಲಿ ಉಳಿದವನ್ನು ಎಣಿಸಿ
ಹದಿನೇಳುಂಟು, ಸಾರಿಗೆ ಸಾಕು ನಿಮಗೆ, ಅಂತ
ದುಡ್ಡು ಸೊಂಟಕ್ಕೆ ಸಿಕ್ಕಿಸಿ ಹೋದಳು.

ಮಸೂರ ಒರೆಸಿದೆ. ತೆಳು ಕಾಗದದ ಮೇಲೆ
ಇಡೀ ದಿನದ ಕೆಲಸ ಒಂದು ಒದ್ದೆ ಗುರುತು,
ನೋಡುವಷ್ಟರಲ್ಲಿ ಅದೂ ಇಲ್ಲ.

ಸಂಜೆ ಇಳಿತ. ಕಾಳಿಯ ದಂಡೆಯಲ್ಲಿ ಚಪ್ಪಲಿ ಬಿಟ್ಟು,
ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು
ಮೊಣಕಾಲವರೆಗೆ ಇಳಿದೆ.
ಕೆಸರು ಬೆರಳ ಸಂದಿಗೆಲ್ಲ ಬಂತು, ಬೆಚ್ಚಗೆ,
ನಡುವೆ ಏನೂ ಉಳಿಯದ ಹಾಗೆ.
ಹೆಬ್ಬೆರಳಿಗೆ ಏನೋ ತಾಗಿತು, ಗುಂಡಗೆ, ಅಂಚಿರುವಂಥದು.
ಉಸಿರು ಹಿಡಿದು ಬಗ್ಗಿ ಎತ್ತಿದೆ:
ಸೋಡಾ ಬಾಟಲಿಯ ಮುಚ್ಚಳ.